ಯಂತ್ರ ಹಾಡಿದಾಗ

ಯಂತ್ರಕ್ಕೂ ಸಂಗೀತಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ನಾನು ಬಹುಕಾಲ ನಂಬಿದ್ದೆ. ಕಂಠದಿಂದಲೋ ತಂತಿಯಿಂದಲೋ ಹೊಮ್ಮಿದ್ದು ನಾದ. ಯಂತ್ರ ಹುಟ್ಟಿಸುವುದು ಬರಿಯ ಸದ್ದು ಎಂಬುದೇ ನನ್ನ ತಿಳಿವಳಿಕೆಯಾಗಿತ್ತು. ಆ ನಂಬಿಕೆಯನ್ನು ಅಲುಗಿಸಿದ್ದು ಜರ್ಮನಿಯ ಒಂದು ಧ್ವನಿಮುದ್ರಿಕೆ. ಯೌವನದಲ್ಲಿ ಮೊದಲ ಸಲ ಅದನ್ನು ಕೇಳಿದಾಗ ಹುಬ್ಬು ಗಂಟಿಕ್ಕಿದೆ. ಕೇಳುತ್ತ ಕೇಳುತ್ತ ಅದಕ್ಕೆ ಮನಸೋತೆ. ಇತ್ತೀಚೆಗೆ ಮತ್ತೆ ಕೇಳಿದಾಗಲೂ ಅದರ ಸೊಗಸು ಮಾಸಿರಲಿಲ್ಲ. ಇದಕ್ಕೆ ಕಾರಣವೇನೆಂದು ವಿಚಾರಿಸೋಣ.

ಡ್ಯೂಸೆಲ್‌ಡಾರ್ಫ್ ನಗರದಲ್ಲಿ ರಾಲ್ಫ್ ಹ್ಯುಟರ್ ಮತ್ತು ಫ್ಲೋರಿಯನ್ ಷ್ನೈಡರ್ ಎಂಬಿಬ್ಬರು 1970ರಲ್ಲಿ 'ಕ್ರಾಫ್ಟ್‌ವರ್ಕ್' ಎಂಬ ತಂಡವನ್ನು ಕಟ್ಟಿದರು. ಜರ್ಮನ್ ಭಾಷೆಯಲ್ಲಿ ಆ ಮಾತಿಗೆ ವಿದ್ಯುತ್ ಸ್ಥಾವರವೆಂದು ಅರ್ಥ. ಷ್ನೈಡರರು ಮೊದಲು ಕೊಳಲು ನುಡಿಸುತ್ತಿದ್ದವರು. 1978ರಲ್ಲಿ ಈ ತಂಡ 'ದಿ ಮ್ಯಾನ್ ಮೆಷಿನ್', ಎಂದರೆ 'ಮಾನವಯಂತ್ರ' ಎಂಬ ಮುದ್ರಿಕೆಯನ್ನು ಹೊರತಂದಿತು. ಅದರಲ್ಲಿರುವುದು ಆರೇ ಹಾಡುಗಳು.

ಈ ಹಾಡುಗಳ ಮುಖ್ಯ ವಾದ್ಯ ಸಿಂಥಸೈಜರ್. ಅದರಲ್ಲಿ ಮೀಟುವ ತಂತಿಯೂ ಇಲ್ಲ, ಊದುವ ಉಸಿರೂ ಇಲ್ಲ. ಅದರೊಳಗಿನ ವಿದ್ಯುನ್ಮಂಡಲಗಳು ವಿದ್ಯುತ್ತಿನ ಕಂಪನಗಳನ್ನು ಉಂಟುಮಾಡುತ್ತವೆ. ಕಂಪನಗಳು ಶೀಘ್ರವಾದರೆ ಸ್ವರ ತಾರಕ್ಕೇರುತ್ತದೆ, ನಿಧಾನವಾದರೆ ಮಂದ್ರಕ್ಕಿಳಿಯುತ್ತದೆ. ಬೇಡವಾದ ಕಂಪನಗಳನ್ನು ಸೋಸಿ ತೆಗೆದು ನಾದದ ಬಣ್ಣವನ್ನೇ ಬದಲಿಸಬಹುದು. ಕೊನೆಗೆ ಧ್ವನಿವರ್ಧಕ ಅದನ್ನು ಕಿವಿಗೆ ಮುಟ್ಟಿಸುತ್ತದೆ. 'ವೋಕೋಡರ್' ಎಂಬ ಇನ್ನೊಂದು ಉಪಕರಣ ಮನುಷ್ಯನ ಉಚ್ಚಾರಣೆಯ ರೂಪವನ್ನು ಯಂತ್ರನಾದದ ಮೇಲೆ ಅಚ್ಚೊತ್ತುತ್ತದೆ. ಮೊದಲ ಹಾಡಾದ 'ದಿ ರೋಬಾಟ್ಸ್'ನಲ್ಲಿ ಯಂತ್ರವೇ ಮಾತನಾಡಿದಂತೆ ಕೇಳಿಸುವುದು ಇದರಿಂದಲೇ.

ಆದರೆ ಉಪಕರಣವಿದ್ದ ಮಾತ್ರಕ್ಕೆ ಹಾಡು ಹುಟ್ಟದು. 'ದಿ ಮಾಡೆಲ್' ಎಂಬ ಹಾಡನ್ನು ಗಮನಿಸಿ. ಒಬ್ಬ ರೂಪದರ್ಶಿಯನ್ನು ಕುರಿತ ಈ ಹಾಡಿನಲ್ಲಿ ಕಂಠ ಸಹಜವಾದುದು, ಧಾಟಿ ಸರಳವಾದುದು. ಒಮ್ಮೆ ಕೇಳಿದವರು ಅದನ್ನು ಗುನುಗಬಲ್ಲರು. 1982ರ ಫೆಬ್ರವರಿಯಲ್ಲಿ ಅದು ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 'ನಿಯಾನ್ ಲೈಟ್ಸ್' ಇರುಳಿನಲ್ಲಿ ಹೊಳೆಯುವ ನಗರದ ದೀಪಗಳನ್ನು ಕುರಿತದ್ದು. ಅದರಲ್ಲಿ ಯಂತ್ರನಾದವೇ ಜೋಗುಳದಂತೆ ಮೃದುವಾಗಿದೆ.

ಮುದ್ರಿಕೆಯ ಹೊದಿಕೆಯ ಮೇಲೆ ಕೆಂಪು ಅಂಗಿ, ಕಪ್ಪು ಟೈ ಧರಿಸಿದ ನಾಲ್ವರು ಬೊಂಬೆಗಳಂತೆ ಸಾಲಾಗಿ ನಿಂತಿದ್ದಾರೆ. ಯಂತ್ರ ನಮ್ಮ ಕೈಯ ವಾದ್ಯವೋ, ನಾವೇ ಯಂತ್ರದ ಕೈಗೊಂಬೆಗಳೋ ಎಂದು ಆ ಚಿತ್ರ ನಮ್ಮನ್ನು ಕೇಳುವಂತಿದೆ. ಕಂಪ್ಯೂಟರೇ ಹಾಡು ಕಟ್ಟುತ್ತಿರುವ ಈ ದಿನಗಳಲ್ಲಿ ಆ ಪ್ರಶ್ನೆ ಇನ್ನೂ ತೀಕ್ಷ್ಣವಾಗಿದೆ. ವೀಣೆಯೂ ಮರ, ಲೋಹ, ಮೇಣಗಳಿಂದ ಮನುಷ್ಯನು ರಚಿಸಿದ ಸಾಧನವೇ ಅಲ್ಲವೆ? ಯಾವ ಸ್ವರ ಬೇಕು, ಎಲ್ಲಿ ಮೌನ ಬೇಕು ಎಂದು ಆರಿಸುವ ಮನಸ್ಸು ಎಚ್ಚರವಾಗಿರುವವರೆಗೆ ಸಾಧನ ಯಾವುದಾದರೂ ಸಂಗೀತ ನಮ್ಮದೇ.

ಷ್ನೈಡರರು 2020ರಲ್ಲಿ ತೀರಿಕೊಂಡರು. ಅವರು ಬಳಸಿದ ಯಂತ್ರಗಳು ಹಳೆಯವಾದುವು. ಹಾಡು ಮಾತ್ರ ಹಳತಾಗಿಲ್ಲ.