ಮಗುಚಿ ಹಾಕಿದರೆ ಇನ್ನೊಂದು ಹಾಡು

ಹಳೇ ಪ್ಲೇಟು ಕೈಗೆ ಸಿಕ್ಕರೆ ನಾನು ಮೊದಲು ಹಾಡಿನ ಹೆಸರು ಓದುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ಎರಡೂ ಮಗ್ಗುಲು ನೋಡುತ್ತೇನೆ. ಮುಳ್ಳು ಸಾವಿರ ಸಲ ಓಡಾಡಿದ ಕಡೆ ಗೀರುಗಳು ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಓಡಾಡದ ಕಡೆ ಈಗಷ್ಟೇ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿಂಚುತ್ತಿರುತ್ತದೆ. ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ, ಗುಜರಿ ಅಂಗಡಿಗಳ ಹಿಂದುಗಡೆ, ಮನೆ ಖಾಲಿ ಮಾಡುವವರ ಅಟ್ಟದಲ್ಲಿ ನಲವತ್ತು ವರ್ಷ ಹೀಗೆ ಪ್ಲೇಟು ತಿರುಗಿಸಿ ನೋಡಿದ್ದೇನೆ. ಹೆಚ್ಚಿನವುಗಳದ್ದು ಒಂದೇ ಕಥೆ: ಒಂದು ಕಡೆ ಸವೆದಿದೆ, ಇನ್ನೊಂದು ಕಡೆಯನ್ನು ಯಾರೂ ಕೇಳಿಯೇ ಇಲ್ಲ.

ನನಗೆ ಆ ಕೇಳದ ಕಡೆಯ ಹುಚ್ಚು ಹಿಡಿಸಿದ್ದು ಅಜ್ಜಿ.

ಮಲ್ಲೇಶ್ವರದ ಅಜ್ಜಿಮನೆಯಲ್ಲಿ ಸೋದರಮಾವ ಒಂದು ಫಿಯೆಸ್ಟಾ ಪ್ಲೇಯರ್ ಇಟ್ಟುಕೊಂಡಿದ್ದ. ಸಂಬಳ ಬಂದ ವಾರ ಬ್ರಿಗೇಡ್ ರಸ್ತೆಗೆ ಹೋಗಿ ಒಂದು ಇಂಗ್ಲಿಷ್ ಪ್ಲೇಟು ತರುತ್ತಿದ್ದ. ಏಳು ಇಂಚಿನದು, ನಿಮಿಷಕ್ಕೆ 45 ಸುತ್ತು, ಒಂದು ಕಡೆಗೆ ಒಂದೇ ಹಾಡು. ಸಿಲೋನ್ ರೇಡಿಯೋದಲ್ಲಿ ಕೇಳಿ ಮೆಚ್ಚಿದ ಹಾಡನ್ನೇ ಅವನು ಹುಡುಕಿ ತರುತ್ತಿದ್ದುದರಿಂದ ಹಿಂದಿನ ಕಡೆ ಅವನಿಗೆ ಬೇಕಿರಲಿಲ್ಲ. ಒಂದೇ ಹಾಡನ್ನು ಐದನೇ ಸಲ ಹಾಕಿದಾಗ ಅಡುಗೆಮನೆಯಿಂದ ಅಜ್ಜಿಯ ದನಿ ಬರುತ್ತಿತ್ತು: ‘ಆ ಕಡೆ ಏನಿದೆಯೋ ಹಾಕೋ. ದುಡ್ಡು ಕೊಟ್ಟಿರೋದು ಎರಡು ಕಡೆಗೂ ತಾನೆ?’ ಮಾವ ಮುಖ ಸಿಂಡರಿಸುತ್ತಿದ್ದ. ಪ್ಲೇಟು ಮಗುಚಿ ಹಾಕುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ಅಜ್ಜಿಯ ಲೆಕ್ಕವೇ ಸರಿ ಎಂದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು. ಅಮೆರಿಕದ ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ಈ 45ರ ಪ್ಲೇಟನ್ನು ಹೊರತಂದಿತು. ಮಾರುತ್ತಿದ್ದುದು ಒಂದು ಹಾಡನ್ನು; ಆದರೆ ಪ್ಲೇಟಿಗೆ ಬೆನ್ನು ಇದ್ದೇ ಇರುತ್ತದಲ್ಲ, ಅದನ್ನೂ ತುಂಬಿಸಬೇಕು. ಹಾಗೆ ತುಂಬಿಸಿದ್ದೇ ‘ಬಿ’ ಕಡೆ. ಕೊನೇ ಗಳಿಗೆಯಲ್ಲಿ ಸಿಕ್ಕಿದ್ದು, ಕಂಪನಿಗೆ ನಂಬಿಕೆ ಇಲ್ಲದ್ದು, ಹಾಡುಗಾರರು ಹಟ ಹಿಡಿದು ಸೇರಿಸಿದ್ದು ಎಲ್ಲ ಅಲ್ಲಿಗೆ ಹೋಗುತ್ತಿತ್ತು. ಆದರೆ ಪ್ಲೇಟು ಮಾರಾಟವಾದಾಗ ಬರುವ ಗೌರವಧನ ಎರಡೂ ಕಡೆಯ ಹಾಡು ಬರೆದವರಿಗೆ ಸಮವಾಗಿಯೇ ಸಲ್ಲುತ್ತಿತ್ತು. ಯಾರೂ ಕೇಳದ ಹಾಡಿನಿಂದಲೂ ಕೆಲವರು ಮನೆ ಕಟ್ಟಿಸಿಕೊಂಡರು. ನಮ್ಮ ಸಿನಿಮಾ ಹಾಡುಗಳ ಇ.ಪಿ. ಪ್ಲೇಟುಗಳಲ್ಲಿ ಸಾಮಾನ್ಯವಾಗಿ ಆಚೆ ಎರಡು, ಈಚೆ ಎರಡು ಹಾಡು ಇರುತ್ತಿದ್ದವು. ಎಲ್ಲವೂ ಒಂದೇ ಚಿತ್ರದವು ಆದ್ದರಿಂದ ಈ ಮಲತಾಯಿ ಧೋರಣೆ ಅಷ್ಟಾಗಿ ಕಾಣುವುದಿಲ್ಲ.

ಬೆನ್ನ ಕಡೆಯಿಂದ ಎದ್ದುಬಂದ ಹಾಡುಗಳಲ್ಲಿ ಬಿಲ್ ಹೇಲಿಯ ‘ರಾಕ್ ಅರೌಂಡ್ ದಿ ಕ್ಲಾಕ್’ಗೆ ದೊಡ್ಡಣ್ಣನ ಸ್ಥಾನ. 1954ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣ ನಡೆದಾಗ ಹೆಚ್ಚಿನ ಹೊತ್ತನ್ನು ‘ಥರ್ಟೀನ್ ವಿಮೆನ್’ ಎಂಬ ಹಾಡು ನುಂಗಿತು. ಉಳಿದ ಚೂರುಪಾರು ಸಮಯದಲ್ಲಿ ಇದನ್ನು ಗಡಿಬಿಡಿಯಲ್ಲಿ ಮುಗಿಸಿ ‘ಬಿ’ ಕಡೆಗೆ ಹಾಕಿದರು. ಮರುವರ್ಷ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಚಿತ್ರದ ಶುರುವಿನಲ್ಲಿ ಮೊಳಗಿದ ಮೇಲೆ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ‘ಥರ್ಟೀನ್ ವಿಮೆನ್’ ಹೆಸರನ್ನು ಈಗ ನನ್ನಂಥ ಪ್ಲೇಟು ಸಂಗ್ರಹದವರು ಮಾತ್ರ ಹೇಳುತ್ತಾರೆ.

ನನಗೆ ಅದಕ್ಕಿಂತ ಹತ್ತಿರದ್ದು ಕ್ಲಿಫ್ ರಿಚರ್ಡ್‌ನ ‘ಮೂವ್ ಇಟ್’. ಆತ 1940ರಲ್ಲಿ ಹುಟ್ಟಿದ್ದು ಲಖನೌದಲ್ಲಿ; ಆಗಿನ ಹೆಸರು ಹ್ಯಾರಿ ವೆಬ್. 1948ರಲ್ಲಿ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಹತ್ತು ವರ್ಷಗಳ ನಂತರ ಅವನ ಮೊದಲ ಪ್ಲೇಟಿಗೆ ಕಂಪನಿ ಆರಿಸಿದ್ದು ‘ಸ್ಕೂಲ್‌ಬಾಯ್ ಕ್ರಷ್’ ಎಂಬ ಅಮೆರಿಕದ ಸಪ್ಪೆ ಹಾಡು. ಹಿಂದುಗಡೆಗೆ ಅವನ ವಾದ್ಯವೃಂದದ ಇಯಾನ್ ಸ್ಯಾಮ್‌ವೆಲ್ ಬಸ್ಸಿನಲ್ಲಿ ಕೂತು ಬರೆದ ‘ಮೂವ್ ಇಟ್’. ಜ್ಯಾಕ್ ಗುಡ್ ಎಂಬ ಟೀವಿ ನಿರ್ಮಾಪಕ ಅದನ್ನು ಕೇಳಿ, ತನ್ನ ಕಾರ್ಯಕ್ರಮದಲ್ಲಿ ಹಾಡುವುದಾದರೆ ಇದನ್ನೇ ಹಾಡಬೇಕು ಎಂದು ಪಟ್ಟು ಹಿಡಿದ. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಎರಡನೇ ಸ್ಥಾನಕ್ಕೆ ಬಂತು. ಶುರುವಿನ ಆ ಗಿಟಾರಿನ ಇಳಿಜಾರು ಕೇಳಿದಾಗ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

‘ಬಿ’ ಕಡೆಯನ್ನು ಬೇಕೆಂದೇ ಹಾಳು ಮಾಡಿದವರೂ ಇದ್ದರು. ನಿರ್ಮಾಪಕ ಫಿಲ್ ಸ್ಪೆಕ್ಟರ್ 1963ರಲ್ಲಿ ರೊನೆಟ್ಸ್ ಹುಡುಗಿಯರಿಂದ ‘ಬಿ ಮೈ ಬೇಬಿ’ ಹಾಡಿಸಿದ. ಅದರ ಬೆನ್ನಿಗೆ ತನ್ನ ವಾದ್ಯಗಾರರು ಸುಮ್ಮನೆ ನುಡಿಸಿದ ಒಂದು ತುಣುಕು ಅಂಟಿಸಿ, ಅವರಲ್ಲಿ ಇಬ್ಬರ ಹೆಸರನ್ನೇ ಇಟ್ಟ: ‘ಟೆಡೆಸ್ಕೊ ಅಂಡ್ ಪಿಟ್‌ಮನ್’. ರೇಡಿಯೋದವರು ಅಪ್ಪಿತಪ್ಪಿಯೂ ಮಗುಚಿ ಹಾಕಬಾರದು ಎಂಬುದು ಅವನ ಉಪಾಯ. ಅಂಥವನ ಕಂಪನಿಯಲ್ಲೇ 1965ರಲ್ಲಿ ರೈಚಸ್ ಬ್ರದರ್ಸ್ ಹಾಡಿದ ‘ಹಂಗ್ ಆನ್ ಯೂ’ ಹೊರಬಂದಾಗ ರೇಡಿಯೋದವರು ಅದನ್ನು ಮಗುಚಿಯೇ ಹಾಕಿದರು. ಹಿಂದುಗಡೆ ‘ಅನ್‌ಚೈನ್ಡ್ ಮೆಲಡಿ’ ಇತ್ತು. ಅದು ಅಮೆರಿಕದಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ಇಪ್ಪತ್ತೈದು ವರ್ಷಗಳ ಮೇಲೆ ‘ಘೋಸ್ಟ್’ ಚಿತ್ರದಿಂದಾಗಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನವನ್ನೂ ಪಡೆಯಿತು.

ಆ ಪ್ಲೇಟಿನ ಅಮೆರಿಕದ ಪ್ರತಿ ನನ್ನ ಕೈಗೆ ಬಂದ ದಿನ ಅದನ್ನು ಕೇಳಲಾಗಲಿಲ್ಲ. ಅಮೆರಿಕದ 45ರ ಪ್ಲೇಟಿಗೆ ನಡುವೆ ಒಂದೂವರೆ ಇಂಚಿನ ತೂತು. ನನ್ನ ಪ್ಲೇಯರಿನ ಕಡ್ಡಿ ಪೆನ್ಸಿಲಿನಷ್ಟೂ ದಪ್ಪ ಇಲ್ಲ. ನಡುವೆ ಕೂರಿಸುವ ಬಿಲ್ಲೆ ಬೆಂಗಳೂರಿನಲ್ಲಿ ಎಲ್ಲೂ ಸಿಗಲಿಲ್ಲ. ಕಡೆಗೆ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಮಾಡುವ ಹಿರಿಯರೊಬ್ಬರಿಗೆ ಅಳತೆ ಕೊಟ್ಟೆ. ಅವರು ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ ಹತ್ತು ನಿಮಿಷದಲ್ಲಿ ಕಡೆದುಕೊಟ್ಟರು. ಬೇಡವೆಂದರೂ ಕೇಳದೆ, ಇನ್ನೂ ತಿರುಗುತ್ತಿದ್ದ ಬಿಲ್ಲೆಗೆ ಕೆಂಪು ಅರಗಿನ ಕಡ್ಡಿ ಒತ್ತಿ ಬಣ್ಣ ಕೊಟ್ಟು, ತಾಳೆಗರಿಯಿಂದ ಉಜ್ಜಿ ಹೊಳಪು ತಂದರು. ಇದು ಏತಕ್ಕೆ ಎಂದು ಕೇಳಿದರು. ಹಾಡಿನ ಪ್ಲೇಟಿಗೆ ಎಂದೆ. ‘ಹಳೇ ಪ್ಲೇಟೂ ಅರಗಿನದೇ ಅಲ್ವಾ ಸ್ವಾಮಿ’ ಎಂದರು.

ಅವರು ಹೇಳಿದ್ದು ನಿಜ. 45ರ ಪ್ಲೇಟು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಅದಕ್ಕಿಂತ ಹಿಂದಿನ 78ರ ಪ್ಲೇಟಿಗೆ ಕಲ್ಲಿನ ಪುಡಿ, ಮಸಿಯನ್ನೆಲ್ಲ ಹಿಡಿದು ಕೂರಿಸುತ್ತಿದ್ದುದು ಅರಗು. ಜಗತ್ತಿಗೆಲ್ಲ ಅದು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದಿಂದ, ಅದರಲ್ಲೂ ಛೋಟಾ ನಾಗಪುರದ ಕಾಡುಗಳಿಂದ. ಗ್ರಾಮಫೋನ್ ಕಂಪನಿ 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ, ಮುಂದೆ 1928ರಲ್ಲಿ ಡಂಡಂನಲ್ಲಿ ಕಾರ್ಖಾನೆ ತೆರೆಯಿತು. ನಾಯಿ ಮಾರ್ಕಿನ ಪ್ಲೇಟುಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಇಂಗ್ಲೆಂಡಿನಲ್ಲಿ ಅರವತ್ತರ ದಶಕದ ಆರಂಭಕ್ಕೆ 78ರ ಕಾಲ ಮುಗಿದಿತ್ತು. ನಮ್ಮಲ್ಲಿ ಎಷ್ಟೋ ಊರಿಗೆ ಇನ್ನೂ ಕರೆಂಟಿರಲಿಲ್ಲ, ಕೀಲಿ ತಿರುಗಿಸುವ ಪೆಟ್ಟಿಗೆಯೇ ಗತಿ. ಹಾಗಾಗಿ ಡಂಡಂನಲ್ಲಿ ಬೀಟಲ್ಸ್ ಹಾಡುಗಳನ್ನೂ ಅರಗಿನ 78ರ ಪ್ಲೇಟಿನಲ್ಲಿ ಒತ್ತಿದರು. 1963ರ ‘ಶಿ ಲವ್ಸ್ ಯೂ’ ಹೀಗೆ ಬಂದಿದೆ. ಲಿವರ್‌ಪೂಲಿನ ನಾಲ್ವರು ಹುಡುಗರ ಕೂಗು ಅಜ್ಜನ ಕಾಲದ ತಟ್ಟೆಯಲ್ಲಿ! ಹೊರದೇಶದ ಸಂಗ್ರಾಹಕರು ಇವತ್ತು ಅದಕ್ಕಾಗಿ ಪ್ರಾಣ ಬಿಡುತ್ತಾರೆ. ನನ್ನಲ್ಲಿ ಇರುವುದಕ್ಕೆ ಅಂಚಿನಿಂದ ಒಂದು ಕೂದಲೆಳೆಯ ಬಿರುಕು. ಸುತ್ತಿಗೊಮ್ಮೆ ಟಕ್ ಎನ್ನುತ್ತದೆ. ಎರಡೂ ಕಡೆ ಅಷ್ಟೇ ಸವೆದಿದೆ. ಅದನ್ನು ಕೇಳಿದ ಮನೆಯಲ್ಲೂ ನಮ್ಮ ಅಜ್ಜಿಯಂಥವರು ಒಬ್ಬರು ಇದ್ದಿರಬೇಕು.

ಬೀಟಲ್ಸ್ ಮಂದಿ ಒಂದು ಸಲ ಎರಡೂ ಕಡೆಯನ್ನು ‘ಎ’ ಎಂದೇ ಕರೆದರು. 1967ರ ಫೆಬ್ರವರಿಯ ಆ ಪ್ಲೇಟಿನಲ್ಲಿ ಒಂದೆಡೆ ‘ಪೆನ್ನಿ ಲೇನ್’, ಇನ್ನೊಂದೆಡೆ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’. ಏಳು ಇಂಚಿನಲ್ಲಿ ಇಷ್ಟು ಸಂಪತ್ತು ತುಂಬಿದ ಇನ್ನೊಂದು ಪ್ಲೇಟನ್ನು ನಾನು ಕಂಡಿಲ್ಲ. ಆದರೂ ಬ್ರಿಟನ್ನಿನ ಪಟ್ಟಿಯಲ್ಲಿ ಅದನ್ನು ಮೊದಲ ಸ್ಥಾನಕ್ಕೆ ಬಿಡದೆ ‘ರಿಲೀಸ್ ಮಿ’ ತಡೆದು ನಿಂತಿತು. ಹಾಡಿದವನು ಎಂಗಲ್ಬರ್ಟ್ ಹಂಪರ್‌ಡಿಂಕ್, ಹುಟ್ಟೂರು ಮದರಾಸು.

ಮಗುಚಿದ ಪ್ಲೇಟುಗಳ ಸಾಲು ಆಮೇಲೂ ನಿಲ್ಲಲಿಲ್ಲ. 1971ರಲ್ಲಿ ರಾಡ್ ಸ್ಟೀವರ್ಟ್‌ನ ‘ಮ್ಯಾಗಿ ಮೇ’, 1978ರಲ್ಲಿ ಗ್ಲೋರಿಯಾ ಗೇನರ್‌ಳ ‘ಐ ವಿಲ್ ಸರ್ವೈವ್’ ಎರಡೂ ಬೆನ್ನ ಕಡೆಯ ಹಾಡುಗಳೇ. ಆಮೇಲೆ ಕ್ಯಾಸೆಟ್ ಬಂತು. ಮಾವ ಪ್ಲೇಯರನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ. ಅಜ್ಜಿ ತೀರಿಕೊಂಡ ಮೇಲೆ ಆ ಮನೆ ಮಾರಿದರು. ಪ್ಲೇಟಿನ ಡಬ್ಬ ನನ್ನ ಪಾಲಿಗೆ ಬಂತು.

ಅದರಲ್ಲಿ ಬೀಟಲ್ಸ್‌ನ 1968ರ ‘ಲೇಡಿ ಮಡೋನಾ’ ಇದೆ. ಮಾವ ಅದನ್ನು ತಂದ ದಿನ ಎಂದಿನಂತೆ ಅಜ್ಜಿ ಕೂಗಿ, ನಾನು ಮಗುಚಿ ಹಾಕಿದ್ದೆ. ಪಿಯಾನೋದ ಗದ್ದಲದ ಜಾಗದಲ್ಲಿ ಹಾರ್ಮೋನಿಯಂ ಶ್ರುತಿ ಎದ್ದಿತು. ಹಿಂದೆಯೇ ಪಖಾವಾಜ್, ಸರೋದ್, ಕೊಳಲು, ಓಲಗದಂಥ ಒಂದು ನಾದ. ಅಜ್ಜಿ ಕೈ ಒರೆಸಿಕೊಳ್ಳುತ್ತ ಹಜಾರಕ್ಕೆ ಬಂದು ನಿಂತಳು. ‘ಇದು ನಮ್ಮವರೇ ಕಣೋ ನುಡಿಸ್ತಿರೋದು. ಇಂಗ್ಲಿಷ್‌ನವರಿಗೆ ಈ ನಡೆ ಬರಲ್ಲ.’ ಮಾವ ನಕ್ಕುಬಿಟ್ಟ. ಇದು ಲಂಡನ್ನಿನದು ಅಮ್ಮ, ನಿನಗೆ ಗೊತ್ತಾಗಲ್ಲ ಎಂದ. ನಾನೂ ಮಾವನನ್ನೇ ನಂಬಿದೆ.

‘ದಿ ಇನ್ನರ್ ಲೈಟ್’ ಎಂಬ ಆ ಹಾಡು ಜಾರ್ಜ್ ಹ್ಯಾರಿಸನ್‌ನದು. ಬೀಟಲ್ಸ್‌ನ 45ರ ಪ್ಲೇಟಿನಲ್ಲಿ ಅವನ ರಚನೆಗೆ ಜಾಗ ಸಿಕ್ಕಿದ್ದು ಅದೇ ಮೊದಲು, ಅದೂ ಹಿಂದಿನ ಕಡೆ. ಚೀನಾದ ‘ತಾವೊ ತೆ ಚಿಂಗ್’ ಗ್ರಂಥದ ಮಾತುಗಳಿಗೆ ಅವನು ಸ್ವರ ಹಾಕಿದ್ದ. ಒಂದು ಸಿನಿಮಾದ ಸಂಗೀತಕ್ಕೆಂದು 1968ರ ಜನವರಿಯಲ್ಲಿ ಮುಂಬಯಿಗೆ ಬಂದಿದ್ದಾಗ, ಅಲ್ಲಿನ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದ್ಯಗಾರರನ್ನು ಕೂರಿಸಿಕೊಂಡು ವಾದ್ಯದ ಭಾಗವನ್ನೆಲ್ಲ ಮುದ್ರಿಸಿಕೊಂಡ. ಲಂಡನ್ನಿನಲ್ಲಿ ಸೇರಿಸಿದ್ದು ಕಂಠವನ್ನು ಮಾತ್ರ. ಇದನ್ನು ನಾನು ಓದಿ ತಿಳಿಯುವ ಹೊತ್ತಿಗೆ ಅಜ್ಜಿ ಹೋಗಿ ಹನ್ನೆರಡು ವರ್ಷವಾಗಿತ್ತು. ಅಂದೇ ಮಾವನಿಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. ‘ಆ ಪ್ಲೇಟು ನಿನ್ನ ಹತ್ತಿರ ಇದೆಯಲ್ಲ, ಜೋಪಾನ’ ಎಂದಷ್ಟೇ ಹೇಳಿ ಫೋನಿಟ್ಟ.

ಆ ರಾತ್ರಿ ಅದನ್ನು ಕವರಿನಿಂದ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ. ‘ಲೇಡಿ ಮಡೋನಾ’ ಕಡೆ ಕಪ್ಪಗೆ ಹೊಳೆಯುತ್ತಿತ್ತು. ಹಿಂದಿನ ಕಡೆ ಅಂಚಿನಿಂದ ಚೀಟಿಯ ತನಕ ಪೂರಾ ಬೂದಿ ಬಣ್ಣ.