ಸೋರಿಹೋಗುವ ಶಾಖದ ಲೆಕ್ಕ

ಒಂದು ಗ್ರಾಂ ದ್ರವದ ತಾಪಮಾನವನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಉಷ್ಣವೇ ಆ ದ್ರವದ ವಿಶಿಷ್ಟೋಷ್ಣ. ನೀರಿಗೆ ಅದು 4.18 ಜೂಲ್, ಎಥೆನಾಲ್‌ಗೆ 2.44, ಟಾಲೂಯಿನ್‌ಗೆ 1.70, ಪಾದರಸಕ್ಕೆ ಬರೀ 0.14. ದ್ರವಕ್ಕೆ ಶಾಖ ಕೊಡುವುದು ಸುಲಭ. ಕೊಟ್ಟ ಶಾಖವೆಲ್ಲ ಪಾತ್ರೆಯೊಳಗೇ ನಿಲ್ಲುವಂತೆ ಮಾಡುವುದು ಮಾತ್ರ ಯಾರಿಗೂ ಸಾಧ್ಯವಾಗಿಲ್ಲ. ಸೋರಿಹೋದದ್ದೆಷ್ಟು ಎಂದು ಲೆಕ್ಕ ಹಿಡಿಯಲು ಹೂಡಿದ ಉಪಾಯಗಳೇ ಈ ಅಳತೆಯ ಚರಿತ್ರೆ.

18ನೇ ಶತಮಾನದ ಆರಂಭದಲ್ಲಿ ಫ್ಯಾರನ್‌ಹೀಟ್ ಪಾದರಸವನ್ನೂ ನೀರನ್ನೂ ಬೆರೆಸಿ ನೋಡಿದಾಗ, ನೀರಿಗಿಂತ 13 ಪಟ್ಟು ಭಾರವಾದ ಪಾದರಸ ಅಷ್ಟೇ ಗಾತ್ರದ ನೀರಿಗಿಂತ ಕಡಿಮೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಕಂಡುಬಂತು. ಭಾರ ಹೆಚ್ಚಾದಷ್ಟೂ ಶಾಖ ಹೆಚ್ಚು ಎಂಬ ನಂಬಿಕೆ ಹಾಗಾದರೆ ತಪ್ಪು ಎಂದು 1760ರ ಸುಮಾರಿಗೆ ಗ್ಲಾಸ್ಗೊದಲ್ಲಿ ತೀರ್ಮಾನಿಸಿದವರು ಜೋಸೆಫ್ ಬ್ಲ್ಯಾಕ್. ಆಮೇಲೆ ತಣಿಯುವ ವೇಗವನ್ನು ಹೋಲಿಸುವ ವಿಧಾನ ಬಂತು. ಜೂಲ್ ಅವರ ಸಂಶೋಧನೆಯ ನಂತರ ವಿದ್ಯುತ್ತಿನಿಂದ ಕಾಯಿಸುವ ವಿಧಾನ. ವಿದ್ಯುತ್ತಾದರೆ ಒಳಹೋದ ಉಷ್ಣ ಎಷ್ಟೆಂಬುದನ್ನು ವೋಲ್ಟ್, ಆಂಪಿಯರ್, ಸೆಕೆಂಡುಗಳ ಗುಣಾಕಾರವೇ ಹೇಳಿಬಿಡುತ್ತದೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕ್ಯಾಲೆಂಡರ್ ಮತ್ತು ಬಾರ್ನ್ಸ್ ಇನ್ನೂ ಮುಂದೆ ಹೋಗಿ, ಕೊಳವೆಯಲ್ಲಿ ಹರಿಯುತ್ತಿರುವ ನೀರನ್ನೇ ಕಾಯಿಸಿದರು. ತಾಪಮಾನದ ಏರಿಕೆ ಬದಲಾಗದಂತೆ ನೋಡಿಕೊಂಡು ಹರಿವನ್ನೂ ಅದಕ್ಕೆ ತಕ್ಕಂತೆ ವಿದ್ಯುತ್ತನ್ನೂ ಬದಲಿಸಿ ಎರಡು ಸಲ ಅಳೆದರೆ, ಎರಡರಲ್ಲೂ ಸೋರಿಕೆ ಒಂದೇ. ಒಂದು ಅಳತೆಯಿಂದ ಇನ್ನೊಂದನ್ನು ಕಳೆದಾಗ ಅದು ತಾನಾಗಿ ಹೊರಟುಹೋಗುತ್ತದೆ. ಈ ವಿದ್ಯೆಯಲ್ಲಿ ಇದಕ್ಕಿಂತ ಚೆಲುವಾದ ಉಪಾಯ ಇನ್ನೊಂದಿಲ್ಲ.

ಈ ಅಳತೆ ವಿದ್ಯಾರ್ಥಿಗಳ ಪ್ರಯೋಗಶಾಲೆಗೂ ಬಂದಿದೆ. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದದ್ದು 1918ರಲ್ಲಿ. ಭೌತವಿಜ್ಞಾನವೂ ಸೇರಿ ಪಾಠವೆಲ್ಲ ಆಗ ಉರ್ದುವಿನಲ್ಲಿ. ಪಠ್ಯಗಳನ್ನು ಸಿದ್ಧಪಡಿಸಲೆಂದೇ ಅನುವಾದ ಕಚೇರಿ ಇತ್ತು. ಕಲಬುರಗಿ, ರಾಯಚೂರು, ಬೀದರ್ ಆಗ ನಿಜಾಮರ ಸಂಸ್ಥಾನಕ್ಕೇ ಸೇರಿದ್ದರಿಂದ ಕನ್ನಡ ಜಿಲ್ಲೆಗಳಿಗೂ ಅದೇ ವಿಶ್ವವಿದ್ಯಾಲಯ. ಇಂದು ಅದರ ಬಿ.ಎಸ್ಸಿ. ಪ್ರಯೋಗಗಳಲ್ಲಿ ನ್ಯೂಟನ್ನರ ತಣಿಯುವಿಕೆಯ ನಿಯಮದ ತಿದ್ದುಪಡಿಯೊಂದಿಗೆ ದ್ರವದ ವಿಶಿಷ್ಟೋಷ್ಣ ಕಂಡುಹಿಡಿಯುವುದೂ ಒಂದು.

ಇಂಥ ಪ್ರಯೋಗದಲ್ಲಿ ತಾಮ್ರದ ಕ್ಯಾಲೊರಿಮೀಟರ್‌ಗೆ (ಶಾಖ ಅಳೆಯುವ ಪಾತ್ರೆಗೆ) ದ್ರವ ತುಂಬಿ, ತಂತಿಸುರುಳಿ ಮುಳುಗಿಸಿ, ಕಲಕುತ್ತಾ ಕಾಯಿಸುತ್ತಾರೆ. ಕೋಣೆಯ ತಾಪಮಾನ 30 ಡಿಗ್ರಿ ಇದ್ದು, ಹತ್ತು ನಿಮಿಷದಲ್ಲಿ ದ್ರವ 40 ಡಿಗ್ರಿಗೆ ಏರಿತೆನ್ನಿ. ಕರೆಂಟ್ ನಿಲ್ಲಿಸಿ ಸರಿಯಾಗಿ ಐದು ನಿಮಿಷ ತಣಿಯಲು ಬಿಟ್ಟಾಗ 0.6 ಡಿಗ್ರಿ ಇಳಿದರೆ, ನಿಜವಾದ ಏರಿಕೆ 10.6 ಡಿಗ್ರಿ. ಅರ್ಧ ಹೊತ್ತೇ ಏಕೆ? ಕಾಯುವಾಗ ದ್ರವ ಕೋಣೆಗಿಂತ ಸರಾಸರಿ ಐದು ಡಿಗ್ರಿ ಮಾತ್ರ ಬಿಸಿಯಾಗಿತ್ತು; ತಣಿಯತೊಡಗಿದಾಗ ಆ ಅಂತರ ಹತ್ತು ಡಿಗ್ರಿ. ಸೋರಿಕೆ ಈ ಅಂತರಕ್ಕೆ ಅನುಗುಣವಾಗಿರುವುದರಿಂದ ಐದು ನಿಮಿಷದ ಇಳಿತ ಹತ್ತು ನಿಮಿಷದ ನಷ್ಟಕ್ಕೆ ಸಮ. ತಿದ್ದುಪಡಿ ಬಿಟ್ಟರೆ ಉತ್ತರ ಶೇ 6ರಷ್ಟು ಹೆಚ್ಚೇ ಬರುತ್ತದೆ. ದ್ರವ ಕೋಣೆಯ ತಾಪಮಾನದಿಂದಲೇ ಆರಂಭವಾಗಬೇಕೆಂಬುದು ಇಲ್ಲಿನ ಷರತ್ತು. ಹೈದರಾಬಾದಿನ ಬೇಸಿಗೆಯಲ್ಲಿ ಕುಡಿಯುವ ತಣ್ಣೀರನ್ನು ಹಾಗೆಯೇ ಸುರಿದರೆ ಅದು ಮೊದಲು ಕೋಣೆಯಿಂದಲೇ ಶಾಖ ಎಳೆದುಕೊಳ್ಳುತ್ತದೆ, ಲೆಕ್ಕ ಕೆಡುತ್ತದೆ.

ಈ ಅಳತೆ ಬೇಕಾಗುವುದು ಪಾಠಕ್ಕಷ್ಟೇ ಅಲ್ಲ. ಉಸ್ಮಾನಿಯಾದ ಮಗ್ಗುಲಲ್ಲೇ, ತಾರ್ನಾಕದಲ್ಲಿ, ಇಂದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ. 1944ರಲ್ಲಿ ಸಂಸ್ಥಾನದ ಕೇಂದ್ರ ಪ್ರಯೋಗಾಲಯವಾಗಿ ಹುಟ್ಟಿ 1956ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ (ಸಿಎಸ್‌ಐಆರ್) ಸೇರಿದ್ದು ಅದು. ಮುಂದೆ ನಗರದ ಸುತ್ತ ಬೆಳೆದ ಔಷಧ ಕಾರ್ಖಾನೆಗಳಲ್ಲಿ ವಿಶಿಷ್ಟೋಷ್ಣದ ಅಂಕಿಗೆ ಪ್ರಾಣದ ಬೆಲೆಯಿದೆ. ಪ್ರತಿ ಕಿಲೋಗೆ 100 ಕಿಲೋಜೂಲ್ ಉಷ್ಣ ಹುಟ್ಟಿಸುವ ಕ್ರಿಯೆಯೊಂದರಲ್ಲಿ ತಂಪುಗೊಳಿಸುವ ವ್ಯವಸ್ಥೆ ನಿಂತುಹೋದರೆ, ದ್ರವ ಹೆಚ್ಚುಕಡಿಮೆ ನೀರೇ ಆಗಿದ್ದಲ್ಲಿ ತಾಪಮಾನ ಸುಮಾರು 24 ಡಿಗ್ರಿ ಏರುತ್ತದೆ. ಟಾಲೂಯಿನ್ ಆಗಿದ್ದಲ್ಲಿ 59 ಡಿಗ್ರಿ.

ಇಂಥ ಕಾರ್ಖಾನೆಗಳಲ್ಲಿ ಈಗ ಈ ಅಳತೆಗೆ ಬಳಕೆಯಲ್ಲಿರುವುದು ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕ್ಯಾಲೊರಿಮೀಟರ್. 1960ರ ದಶಕದಲ್ಲಿ ಅಮೆರಿಕದ ಪರ್ಕಿನ್-ಎಲ್ಮರ್ ಕಂಪನಿ ಇದನ್ನು ರೂಪಿಸಿತು. ಕೆಲವೇ ಮಿಲಿಗ್ರಾಂ ದ್ರವವನ್ನು ಪುಟ್ಟ ಅಲ್ಯೂಮಿನಿಯಂ ಬಟ್ಟಲಲ್ಲಿಟ್ಟು ಮುಚ್ಚಳ ಬಿಗಿಯುತ್ತಾರೆ. ಖಾಲಿ ಬಟ್ಟಲು, ವಿಶಿಷ್ಟೋಷ್ಣ ಖಚಿತವಾಗಿ ಗೊತ್ತಿರುವ ನೀಲಮಣಿ, ಆಮೇಲೆ ದ್ರವ, ಹೀಗೆ ಮೂರು ಸಲ ಒಂದೇ ವೇಗದಲ್ಲಿ ಕಾಯಿಸುತ್ತಾರೆ. ಖಾಲಿ ಬಟ್ಟಲಿನ ಅಂಕಿಯನ್ನು ಉಳಿದೆರಡರಿಂದಲೂ ಕಳೆದು, ನೀಲಮಣಿಯೊಂದಿಗೆ ದ್ರವವನ್ನು ಹೋಲಿಸುವುದು ಕ್ರಮ. ಮುಚ್ಚಳದ ಸಂದಿಯಿಂದ ದ್ರವ ಆವಿಯಾದರೆ ಆವಿಯಾಗಲು ಬೇಕಾದ ಉಷ್ಣವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಅದಕ್ಕೇ ಕೊನೆಯಲ್ಲಿ ಬಟ್ಟಲನ್ನು ಮತ್ತೆ ತೂಗುತ್ತಾರೆ. ತೂಕ ಇಳಿದಿದ್ದರೆ ಆ ಅಳತೆಯನ್ನು ಕೈಬಿಟ್ಟು ಹೊಸ ಬಟ್ಟಲಿನಿಂದ ಮತ್ತೆ ಶುರುಮಾಡುತ್ತಾರೆ.