ಹೆಣ, ಮಡಕೆ, ನೀರು: ಮಲೆನಾಡಿನ ಮೂರು ಕರಾಳ ಚಿತ್ರಗಳು

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ಗಾಜನೂರು ಅಣೆಕಟ್ಟೆಯ ಹಿನ್ನೀರಿಗೆ ಹೊಂದಿಕೊಂಡಿರುವ ಸಕ್ರೆಬೈಲು, ತನ್ನ ಆನೆ ಬಿಡಾರದಿಂದಾಗಿ ನಾಡಿಗೆಲ್ಲ ಪರಿಚಿತವಾಗಿದೆ. ಆದರೆ ಅದೇ ರಸ್ತೆ ಮುಂದೆ ಸಾಗಿ ತಲುಪುವ ತೀರ್ಥಹಳ್ಳಿ ಸೀಮೆಯೂ ಅದರಾಚೆಯ ಸಾಗರ ಸೀಮೆಯೂ ಕನ್ನಡದ ಅತ್ಯಂತ ಕರಾಳವಾದ, ನೋಡಿದವರನ್ನು ಬಹುಕಾಲ ಚಿಂತೆಗೆ ಹಚ್ಚುವ ಕೆಲವು ಚಲನಚಿತ್ರಗಳಿಗೆ ಕಥೆಗಾರರನ್ನೂ ನಿರ್ದೇಶಕರನ್ನೂ ಕೊಟ್ಟ ನೆಲವೆಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಇಂಥ ಚಿತ್ರಗಳನ್ನು ಚರ್ಚಿಸುವಾಗ ವಿಮರ್ಶಕರು ಆಶಯ ಮತ್ತು ಸಂಕೇತ ಎಂಬ ಎರಡು ಪದಗಳನ್ನು ಮತ್ತೆ ಮತ್ತೆ ಬಳಸುತ್ತಾರೆ. ಕಥೆಯ ಘಟನೆಗಳ ಹಿಂದೆ ನಿಂತು ಅವನ್ನೆಲ್ಲ ಒಂದಾಗಿ ಹಿಡಿದಿಡುವ ಚಿಂತನೆ ಆಶಯ. ತೆರೆಯ ಮೇಲೆ ಕಾಣುವ ವಸ್ತುವೊಂದು ತನ್ನಾಚೆಗಿನ ಅರ್ಥವನ್ನೂ ಸೂಚಿಸತೊಡಗಿದಾಗ ಅದು ಸಂಕೇತ. ಸಂಕೇತವೆಂದರೆ ನಿರ್ದೇಶಕ ಬಚ್ಚಿಟ್ಟ ಒಗಟು, ಅದನ್ನು ಬಿಡಿಸಿದರೆ ಚಿತ್ರ ಅರ್ಥವಾದಂತೆ ಎಂಬ ನಂಬಿಕೆ ಮಾತ್ರ ಮಲೆನಾಡಿನ ಈ ಚಿತ್ರಗಳ ಮುಂದೆ ನಿಲ್ಲುವುದಿಲ್ಲ; ಇಲ್ಲಿ ವಸ್ತು ಮೊದಲು ಕಥೆಯೊಳಗೆ ತನ್ನ ಕೆಲಸವನ್ನು ಮಾಡುತ್ತದೆ, ಅರ್ಥ ಆ ಕೆಲಸದಿಂದಲೇ ಹುಟ್ಟುತ್ತದೆ.

ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ (1970) ಇದಕ್ಕೆ ಮೊದಲ ನಿದರ್ಶನ. ಶಿವಮೊಗ್ಗೆಗೆ ಹೋಗಿ ಜ್ವರ ಹೊತ್ತು ಬಂದ ನಾರಣಪ್ಪ ಸಾಯುತ್ತಾನೆ. ಆಚಾರ ಬಿಟ್ಟವನ ಹೆಣವನ್ನು ಯಾರು ಸುಡಬೇಕೆಂಬ ಪ್ರಶ್ನೆ ಬಗೆಹರಿಯದೆ ಅಗ್ರಹಾರವಿಡೀ ಉಪವಾಸ ಕೂರುತ್ತದೆ, ಅಷ್ಟರಲ್ಲಿ ಇಲಿಗಳು ಸತ್ತು ಬೀಳತೊಡಗುತ್ತವೆ. ಪ್ಲೇಗು ಇಲ್ಲಿ ಕೊಳೆತ ಸಮಾಜದ ರೂಪಕವೆಂದು ಹೇಳುವುದು ಸುಲಭವಾದರೂ, ಹೆಣ ಮನೆಯೊಳಗೇ ಉಳಿದದ್ದು ಧರ್ಮಸೂಕ್ಷ್ಮದ ಚರ್ಚೆ ಮುಗಿಯದ ಕಾರಣಕ್ಕೆ ಎಂಬುದನ್ನು ಮರೆತರೆ ಆ ರೂಪಕಕ್ಕೆ ಬಲವಿರುವುದಿಲ್ಲ. ನಾರಣಪ್ಪನಾಗಿ ನಟಿಸಿದ ಪಿ. ಲಂಕೇಶ್ ಶಿವಮೊಗ್ಗದ ಸಮೀಪದ ಕೊನಗವಳ್ಳಿಯವರು. ಮೊದಲು ಸೆನ್ಸಾರ್ ಮಂಡಳಿಯ ನಿಷೇಧಕ್ಕೆ ಗುರಿಯಾದ ಈ ಚಿತ್ರವೇ ಮುಂದೆ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರವಾಯಿತು.

ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರು ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ಕಥೆಯನ್ನು ಆಯ್ದುಕೊಂಡು ಮಾಡಿದ ಮೊದಲ ಚಿತ್ರ ‘ಘಟಶ್ರಾದ್ಧ’ (1977) ಇನ್ನೂ ಆಳಕ್ಕೆ ಇಳಿಯುತ್ತದೆ. ವೇದ ಕಲಿಯಲೆಂದು ಉಡುಪರ ಪಾಠಶಾಲೆಗೆ ಬಂದ ಬಾಲಕ ನಾಣಿಗೆ ಉಡುಪರ ವಿಧವೆ ಮಗಳು ಯಮುನೆಯೊಬ್ಬಳೇ ಆಸರೆ. ಶಾಲೆಯ ಮೇಷ್ಟರಿಂದ ಗರ್ಭಿಣಿಯಾದ ಅವಳ ಸಂಕಟಕ್ಕೆ ಅವನೇ ಸಾಕ್ಷಿ. ಕಥೆಯನ್ನು ಅರ್ಧ ಮಾತ್ರ ಅರ್ಥವಾಗುವ ಮಗುವಿನ ಕಣ್ಣಿನಿಂದ ಕಾಣಿಸುವ ಈ ಕ್ರಮದಿಂದ ಪ್ರೇಕ್ಷಕ ಹುಡುಗನಿಗಿಂತ ಹೆಚ್ಚು ತಿಳಿದವನೂ ಅವನಷ್ಟೇ ಅಸಹಾಯಕನೂ ಆಗುತ್ತಾನೆ. ನಾಗರಪಂಚಮಿಯಂದು ಹಾಲೆರೆದು ಪೂಜಿಸುವ ಹುತ್ತಕ್ಕೆ ಯಮುನೆ ಹಾವು ಕಚ್ಚಲೆಂದು ಕೈ ಹಾಕುವಾಗ, ಸಂತಾನ ಬೇಡಿ ಹೆಂಗಸರು ನಾಗನ ಬಳಿಗೆ ಹೋಗುವ ನಾಡಿನಲ್ಲಿ ಬಸಿರನ್ನು ಹೊತ್ತ ಹೆಣ್ಣೊಬ್ಬಳು ಸಾವನ್ನು ಬೇಡಲು ಅಲ್ಲಿಗೇ ಹೋದಳೆಂಬ ಕ್ರೌರ್ಯ ಒಂದೂ ಮಾತಿಲ್ಲದೆ ಮನಸ್ಸಿಗೆ ತಟ್ಟುತ್ತದೆ. ಕನ್ನಡ ಚಿತ್ರಗಳಲ್ಲಿ ಇದಕ್ಕೆ ಸಮನಾದ ದೃಶ್ಯಗಳು ಬಹಳ ಇಲ್ಲ.

ಘಟಶ್ರಾದ್ಧವೆಂದರೆ ಜಾತಿಯಿಂದ ಹೊರಹಾಕಿದ ವ್ಯಕ್ತಿಯನ್ನು, ಬದುಕಿರುವಾಗಲೇ ಸತ್ತಂತೆ ಎಣಿಸಿ, ಮಡಕೆ ಒಡೆದು ನಡೆಸುವ ಅಪರಕರ್ಮ. ಸ್ವಂತ ತಂದೆಯೇ ಮಗಳಿಗೆ ಈ ವಿಧಿಯನ್ನು ನೆರವೇರಿಸುತ್ತಾನೆ, ತಲೆ ಬೋಳಿಸಿಕೊಂಡ ಯಮುನೆ ಮರದಡಿ ಒಂಟಿಯಾಗಿ ಉಳಿಯುತ್ತಾಳೆ, ಅತ್ತ ಆ ವೃದ್ಧ ತಂದೆ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲಿರುವ ಸುದ್ದಿ ಬರುತ್ತದೆ. ಹೆಣವಿದ್ದರೂ ಸಂಸ್ಕಾರ ಸಿಗದ ನಾರಣಪ್ಪನನ್ನೂ ಪ್ರಾಣವಿದ್ದರೂ ಶ್ರಾದ್ಧ ಮಾಡಿಸಿಕೊಂಡ ಯಮುನೆಯನ್ನೂ ಜೊತೆಗಿಟ್ಟು ನೋಡಿದರೆ, ಈ ಚಿತ್ರಗಳ ಕತ್ತಲೆ ದೆವ್ವದಿಂದಲೋ ಖಳನಾಯಕನಿಂದಲೋ ಬಂದದ್ದಲ್ಲ, ಕ್ರಮಬದ್ಧವಾಗಿ ಪಾಲಿಸಿದ ನಿಯಮದಿಂದ ಬಂದದ್ದು ಎಂಬುದು ಸ್ಪಷ್ಟವಾಗುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣ ಮತ್ತು ಬಿ.ವಿ. ಕಾರಂತರ ಸಂಗೀತವಿದ್ದ ಈ ಚಿತ್ರದ ಪುನರುದ್ಧರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು.

ಸಾಗರದ ನಾ. ಡಿಸೋಜ ಅವರ ಕಾದಂಬರಿಯಿಂದ ಕಾಸರವಳ್ಳಿಯವರು ಮಾಡಿದ, 2001ನೇ ಸಾಲಿನ ಸ್ವರ್ಣಕಮಲ ಪಡೆದ ‘ದ್ವೀಪ’ದಲ್ಲಿ ಅಂಥ ನಿಯಮದ ಸ್ಥಾನಕ್ಕೆ ಅಣೆಕಟ್ಟು ಬರುತ್ತದೆ. ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ನೋಡಲು ಬಂದವರಿಗೆ ಹಿನ್ನೀರು ಕಣ್ಣಿಗೆ ಹಬ್ಬ. ‘ದ್ವೀಪ’ದಲ್ಲಿ ಅಂಥದೇ ಹಿನ್ನೀರು ದಿನದಿಂದ ದಿನಕ್ಕೆ ಮೇಲೇರಿ ಗಣಪ ಮತ್ತು ನಾಗಿಯರ ಮನೆಯನ್ನು ಸುತ್ತುವರಿಯುತ್ತದೆ. ನೀರಿಗೆ ತನ್ನದೇ ಆದ ನಿಶ್ಚಿತ ಅರ್ಥವಿಲ್ಲ, ಯಾರ ಅಂಗಳಕ್ಕೆ ಅದು ಬಂದಿತೆಂಬುದರಿಂದ ಅರ್ಥ ನಿರ್ಧಾರವಾಗುತ್ತದೆ. ಸರ್ಕಾರಕ್ಕೆ ಕಾಣುವುದು ಮುಳುಗುವ ಜಮೀನಿನ ಅಳತೆ. ಸೀತಾಪರ್ವತದ ದೇವರ ಪೂಜೆಯನ್ನೇ ನಂಬಿ ಬಾಳಿದ ಕುಟುಂಬ ಕಳೆದುಕೊಳ್ಳುವುದಕ್ಕೆ ಪರಿಹಾರದ ಕಡತದಲ್ಲಿ ಅಂಕಣವೇ ಇಲ್ಲ. ಹೀಗಾಗಿ ದ್ವೀಪವೆಂಬುದು ನಡುಗಡ್ಡೆಯಾದ ಮನೆಯಷ್ಟೇ ಆಗಿ ಉಳಿಯದೆ, ಸಂದೇಹ ತುಂಬಿದ ಗಂಡನ ಪಕ್ಕದಲ್ಲೇ ಒಂಟಿಯಾದ ನಾಗಿಯೂ ಆಗುತ್ತದೆ. ನಾಗಿಯ ಪಾತ್ರದಲ್ಲಿ ನಟಿ ಸೌಂದರ್ಯ ಅವರ ಅಭಿನಯದ ಬಹುಪಾಲು ಶಕ್ತಿ ಈ ಎರಡನೆಯ ಒಂಟಿತನವನ್ನು ಕಾಣಿಸುವುದರಲ್ಲಿದೆ. ಕೊನೆಗೆ ಮಳೆ ನಿಂತು ಮನೆ ಉಳಿದಾಗ ಗಣಪ ಅದನ್ನು ದೇವರ ಕೃಪೆಯೆಂದು ನಂಬುತ್ತಾನೆ, ಮಳೆಗಾಲವಿಡೀ ಮನೆಯನ್ನು ಕಾಯ್ದ ಹೆಂಡತಿಯ ದುಡಿಮೆ ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ಸರ್ಕಾರ ಆ ಕುಟುಂಬಕ್ಕೆ ಮಾಡಿದ್ದನ್ನೇ ಗಂಡ ಹೆಂಡತಿಗೆ ಮಾಡುತ್ತಾನೆ.